ಕಾಲಿಗೆಷ್ಟು, ಕೈಗೆಷ್ಟು

ಚಿತ್ರದುರ್ಗದ ಕೋರ್ಟಿನ ಆವರಣದಲ್ಲಿ ಬೆಳಗ್ಗೆ ಹತ್ತೂವರೆ ಹೊತ್ತಿಗೆ ನಿಂತರೆ, ಯಾವ ವಕೀಲರದು ಯಾವ ಬಗೆಯ ಕೇಸು ಎಂಬುದನ್ನು ಅವರ ಹಿಂದೆ ಬರುವ ಜನರನ್ನು ನೋಡಿಯೇ ಹೇಳಬಹುದು. ಪಹಣಿ, ಮ್ಯುಟೇಷನ್ ಹಿಡಿದು ಒಬ್ಬರ ಮುಖ ಒಬ್ಬರು ನೋಡದೆ ನಿಂತ ಅಣ್ಣತಮ್ಮಂದಿರಿದ್ದರೆ ಅದು ಪಾಲಿನ ದಾವೆ. ಮಗಳ ಜೊತೆ ಅಪ್ಪ ಅಮ್ಮ ಇಬ್ಬರೂ ಬಂದಿದ್ದರೆ ಜೀವನಾಂಶದ ಅರ್ಜಿ. ಊರುಗೋಲು, ಎಕ್ಸ್‌ರೇ ಕವರು, ಔಷಧಿ ಅಂಗಡಿಯ ಬಿಲ್ಲು ತುಂಬಿದ ಪ್ಲಾಸ್ಟಿಕ್ ಚೀಲ, ಪಕ್ಕದಲ್ಲೊಬ್ಬ ಆಸರೆಯಾಗಿ ನಿಂತ ಮೈದುನನೋ ಅಳಿಯನೋ ಇದ್ದರೆ, ಅದು ಎಂವಿಸಿ.

ಮೋಟಾರು ವಾಹನ ಅಪಘಾತದ ಪರಿಹಾರದ ಕೇಸಿಗೆ ನಮ್ಮ ಕಡೆ ಎಲ್ಲರೂ ಎಂವಿಸಿ ಅಂತಲೇ ಅನ್ನುತ್ತಾರೆ. ಅದರ ಮೇಲ್ಮನವಿ ಹೈಕೋರ್ಟಿಗೆ ಹೋದರೆ ಎಂಎಫ್‌ಎ. ಈ ಎರಡರಲ್ಲೇ ನನ್ನ ವಕೀಲಿಕೆಯ ಬಹುಪಾಲು ಕಳೆದಿದೆ. ದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಈ ನಾಲ್ಕು ಊರಿನ ಕೋರ್ಟುಗಳ ಮೆಟ್ಟಿಲು ನನ್ನ ಕಾಲಿಗೆ ಅಭ್ಯಾಸ. ಸಿವಿಲ್ ಕಾನೂನಿನಲ್ಲಿ ಪಳಗಿದ ಕೆಲವು ಹಿರಿಯರಿಗೆ ಈ ಕೆಲಸದ ಮೇಲೆ ಅಷ್ಟು ಗೌರವವಿಲ್ಲ. ಕೋಷ್ಟಕ ನೋಡಿ ಗುಣಾಕಾರ ಮಾಡುವುದಕ್ಕೆ ಕಾನೂನು ಏಕೆ ಬೇಕು ಎಂದು ಕೇಳುತ್ತಾರೆ. ಹೊಸದಾಗಿ ಕೋಟು ಹಾಕಿಕೊಂಡ ಹುಡುಗ ಹುಡುಗಿಯರೂ ಅದನ್ನೇ ನಂಬಿ, ಬೇರೆ ಕೆಲಸ ಸಿಗುವವರೆಗೆ ಮಾತ್ರ ಎಂಬಂತೆ ಎಂವಿಸಿ ಫೈಲು ಹಿಡಿಯುತ್ತಾರೆ. ಅವರ ಜೊತೆ ಕುಳಿತು ನಿಧಾನವಾಗಿ ಮಾತಾಡಬೇಕೆಂದು ಬಹಳ ದಿನದಿಂದ ಅನಿಸಿತ್ತು. ಈ ಹರಟೆ ಅದಕ್ಕೇ.

ಇಂಗ್ಲೆಂಡಿನಲ್ಲಿ ಗಾಯದ ಪರಿಹಾರದ ಕೇಸುಗಳನ್ನೇ ಜೀವಮಾನವಿಡೀ ನಡೆಸುವ ಬ್ಯಾರಿಸ್ಟರುಗಳಿದ್ದಾರೆ. ಅಲ್ಲಿ ಕಕ್ಷಿದಾರ ಮೊದಲು ಹೋಗುವುದು ಸಾಲಿಸಿಟರ್ ಬಳಿಗೆ. ದಾಖಲೆ ಕೂಡಿಸುವುದು, ವೈದ್ಯರ ವರದಿ ತರಿಸುವುದು ಅವರ ಪಾಲು. ಬ್ಯಾರಿಸ್ಟರ್ ಅಭಿಪ್ರಾಯ ಬರೆದು ಕೊಟ್ಟು, ನ್ಯಾಯಾಧೀಶರ ಮುಂದೆ ನಿಂತು ವಾದಿಸುತ್ತಾರೆ. ಯಾವ ಗಾಯದ ನೋವಿಗೆ ಎಷ್ಟರಿಂದ ಎಷ್ಟರವರೆಗೆ ಕೊಡಬಹುದು ಎಂದು ಹೇಳುವ ಮಾರ್ಗಸೂಚಿಯ ಪುಸ್ತಕವೇ ಅಲ್ಲಿದೆ, 1992ರಲ್ಲಿ ಮೊದಲು ಅಚ್ಚಾದದ್ದು. ನಮ್ಮಲ್ಲಿಯೂ ಒಂದು ಕಾಲಕ್ಕೆ ಬ್ಯಾರಿಸ್ಟರು ಬೇರೆ, ವಕೀಲರು ಬೇರೆ, ಪ್ಲೀಡರುಗಳು ಬೇರೆ ಇದ್ದರು. 1961ರ ಅಡ್ವೊಕೇಟ್ಸ್ ಆಕ್ಟ್ ಬಂದ ಮೇಲೆ ಎಲ್ಲರೂ ಅಡ್ವೊಕೇಟರಾದರು. ಎಸ್. ನಿಜಲಿಂಗಪ್ಪನವರು 1926ರಲ್ಲಿ ಪುಣೆಯಲ್ಲಿ ಕಾನೂನು ಓದಿ ಮುಗಿಸಿ ಬಂದು ಕೋಟು ತೊಟ್ಟದ್ದು ನಮ್ಮ ಇದೇ ದುರ್ಗದಲ್ಲಿ. ಮುಂದೆ ಅವರು ಸ್ವಾತಂತ್ರ್ಯ ಚಳವಳಿಗೆ ಹೋದರು, ಮುಖ್ಯಮಂತ್ರಿಯಾದರು. ಸೀಬಾರದ ಹತ್ತಿರ ಹೆದ್ದಾರಿ ಪಕ್ಕದಲ್ಲೇ ಅವರ ಸ್ಮಾರಕವಿದೆ. ದಿನವೂ ಅದರ ಮುಂದೆ ಹಾದು ಕೋರ್ಟಿಗೆ ಬರುವ ವಕೀಲರಿದ್ದಾರೆ.

ನಮ್ಮ ಜಿಲ್ಲೆಯ ಎಂವಿಸಿ ವಕೀಲರು ಸಾಲಿಸಿಟರ್, ಬ್ಯಾರಿಸ್ಟರ್, ಗುಮಾಸ್ತ, ಕೆಲವು ಸಲ ಮನೆಯ ಹಿರಿಯ, ಎಲ್ಲವೂ ಒಬ್ಬರೇ. ಠಾಣೆಗೆ ಹೋಗಿ ಎಫ್‌ಐಆರ್, ಸ್ಪಾಟ್ ಮಹಜರು, ಮೋಟಾರು ವಾಹನ ನಿರೀಕ್ಷಕರ (ಐಎಂವಿ) ರಿಪೋರ್ಟು, ಚಾರ್ಜ್‌ಶೀಟು ತರಬೇಕು. ಆಸ್ಪತ್ರೆಗೆ ಹೋಗಿ ವೂಂಡ್ ಸರ್ಟಿಫಿಕೇಟು, ಡಿಸ್ಚಾರ್ಜ್ ಸಮ್ಮರಿ ತರಬೇಕು. ಆರ್‌ಸಿ, ಡಿಎಲ್, ಪಾಲಿಸಿ ನಂಬರು ಹುಡುಕಬೇಕು. ಆಮೇಲೆ ಕಕ್ಷಿದಾರರನ್ನು ಕೂರಿಸಿಕೊಂಡು, ಅವರಿಗೆ ಗೊತ್ತಿಲ್ಲದೆಯೇ ಅವರೊಳಗಿರುವ ಸಾಕ್ಷ್ಯವನ್ನು ಹೊರಗೆ ತೆಗೆಯಬೇಕು.

ರಸ್ತೆಯ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಬೆಂಗಳೂರು–ಪುಣೆ ರಸ್ತೆ, ನಮ್ಮ ಬಾಯಲ್ಲಿ ಇನ್ನೂ ಎನ್‌ಎಚ್ ಫೋರ್, ಈಗಿನ ಲೆಕ್ಕದಲ್ಲಿ 48, ಹಿರಿಯೂರು ತಾಲ್ಲೂಕನ್ನು ಹೊಕ್ಕು ದುರ್ಗವನ್ನು ದಾಟಿ ಭರಮಸಾಗರದ ಕಡೆಯಿಂದ ದಾವಣಗೆರೆಗೆ ಹೋಗುತ್ತದೆ. ಹಿರಿಯೂರಿನಲ್ಲಿ ಅದನ್ನು ಜೇವರ್ಗಿ–ಚಾಮರಾಜನಗರ ಹೆದ್ದಾರಿ ಕತ್ತರಿಸುತ್ತದೆ. ದುರ್ಗದಿಂದ ಹೊಸಪೇಟೆಗೆ ಒಂದು, ಹೊಳಲ್ಕೆರೆ ಮೇಲೆ ಶಿವಮೊಗ್ಗಕ್ಕೆ ಇನ್ನೊಂದು. ರಾತ್ರಿ ಒಂಬತ್ತು ಹತ್ತಕ್ಕೆ ಬೆಂಗಳೂರು ಬಿಟ್ಟ ಸ್ಲೀಪರ್ ಬಸ್ಸುಗಳು ನಡುರಾತ್ರಿ ಕಳೆಯುವ ಹೊತ್ತಿಗೆ ಹಿರಿಯೂರಿನಲ್ಲಿರುತ್ತವೆ. ಉತ್ತರದಿಂದ ಬರುವ ಬಸ್ಸುಗಳು ನಸುಕಿಗೆ ಇಲ್ಲೇ ಇರುತ್ತವೆ. ಚಾಲಕನ ಕಣ್ಣು ಎಳೆಯುವ ಗಳಿಗೆಗೂ ನಮ್ಮ ತಾಲ್ಲೂಕಿನ ನೇರ ರಸ್ತೆಗೂ ಸರಿಯಾಗಿ ಗಂಟು ಬಿದ್ದಿದೆ. 2020ರ ಆಗಸ್ಟ್ 12ರ ನಸುಕಿನಲ್ಲಿ ವಿಜಯಪುರದಿಂದ ಬೆಂಗಳೂರಿಗೆ ಹೊರಟ ಬಸ್ಸು ಹಿರಿಯೂರಿನ ಕೆ.ಆರ್. ಹಳ್ಳಿ ಹತ್ತಿರ ಹೊತ್ತಿಕೊಂಡು ಐದು ಜನ ಬೆಂದುಹೋದರು. 2025ರ ಡಿಸೆಂಬರ್ 25ರ ನಸುಕಿನಲ್ಲಿ ಅದೇ ತಾಲ್ಲೂಕಿನ ಗೊರ್ಲತ್ತು ಬಳಿ ಕಂಟೇನರ್ ಲಾರಿಯೊಂದು ಡಿವೈಡರ್ ದಾಟಿ ಬಂದು ಬಸ್ಸಿಗೆ ಬಡಿಯಿತು, ಬಸ್ಸು ಉರಿದುಹೋಯಿತು. ದೊಡ್ಡ ಅವಘಡಗಳಾದ್ದರಿಂದ ಇವು ನಾಡಿಗೆಲ್ಲ ಗೊತ್ತಾದವು. ಪತ್ರಿಕೆಯಲ್ಲಿ ಎರಡು ಸಾಲೂ ಬರದ ಅಪಘಾತಗಳೇ ನಮ್ಮ ಕಚೇರಿಗೆ ಹೆಚ್ಚು ಬರುವುದು. ಈರುಳ್ಳಿ ಕೀಳಲು ಹೊರಟ ಹೆಂಗಸರ ಟ್ರ್ಯಾಕ್ಟರ್ ಟ್ರೇಲರು ಮಗುಚಿತು. ಡೇರಿಗೆ ಹಾಲು ಹಾಕಿ ರಸ್ತೆ ದಾಟುತ್ತಿದ್ದವನಿಗೆ ಕಾರು ಗುದ್ದಿತು. ಗೊಲ್ಲರಹಟ್ಟಿಯವರೊಬ್ಬರ ಕುರಿಮಂದೆಯ ಮೇಲೆ ಲಾರಿ ಹರಿಯಿತು. ಹೌದು, ಕುರಿಗೂ ಪರಿಹಾರವಿದೆ. ಮೂರನೆಯವರ ಆಸ್ತಿಗೆ ಆದ ನಷ್ಟವನ್ನೂ ಕೇಳಬಹುದೆಂದು ಕಾಯ್ದೆಯೇ ಹೇಳುತ್ತದೆ. ಗೊತ್ತಿಲ್ಲದೆ ಎಷ್ಟೋ ಕುರಿಗಾಹಿಗಳು ರಸ್ತೆಯಲ್ಲೇ ಲಾರಿಯವನು ಕೊಟ್ಟಷ್ಟು ತೆಗೆದುಕೊಂಡು ಹೋಗಿಬಿಡುತ್ತಾರೆ.

2022ರಲ್ಲಿ ಇಡೀ ದೇಶದಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರು 1,68,491 ಮಂದಿ. ಇದು ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕ. ಸಾಯದೆ ಉಳಿದು, ಮೊದಲಿನಂತೆ ದುಡಿಯಲಾಗದೆ ಮನೆಯ ಮೂಲೆಯಲ್ಲಿ ಕುಳಿತವರ ಸಂಖ್ಯೆ ಇದರಲ್ಲಿ ಸೇರಿಲ್ಲ. ನಮ್ಮ ಕೆಲಸದ ಕಷ್ಟದ ಭಾಗ ಅವರದೇ.

ಒಬ್ಬ ಮನುಷ್ಯ ಸತ್ತರೆ ಅವನ ಮನೆಯವರಿಗೆ ಲೆಕ್ಕ ಹಾಕಿ ಹಣ ಕೊಡಬೇಕು ಎಂಬ ವಿಚಾರ ಕಾನೂನಿಗೆ ಬಂದದ್ದು ರೈಲಿನ ಕಾಲದಲ್ಲಿ. ಇಂಗ್ಲೆಂಡಿನಲ್ಲಿ 1846ರ ಕಾಯ್ದೆ, ಅದನ್ನನುಸರಿಸಿ ನಮ್ಮಲ್ಲಿ 1855ರ ಮಾರಕ ಅಪಘಾತಗಳ ಕಾಯ್ದೆ. ಮೋಟಾರು ವಾಹನ ಕಾಯ್ದೆ 1939ರದು. ಅದಕ್ಕೆ 1956ರಲ್ಲಿ ತಿದ್ದುಪಡಿಯಾಗಿ ಅಪಘಾತದ ಕೇಸಿಗೆಂದೇ ಟ್ರಿಬ್ಯುನಲ್ ಬಂತು. ಈಗಿರುವುದು 1988ರ ಕಾಯ್ದೆ, 2019ರಲ್ಲಿ ದೊಡ್ಡದಾಗಿ ತಿದ್ದಿದ್ದು. ಕಲಂ 166 ನಮ್ಮ ದಿನದ ಅನ್ನ. ಬಡವನಿಗೆ ಅನುಕೂಲವಾದ ಒಂದು ಮಾತು ಅದರಲ್ಲಿದೆ: ಅಪಘಾತ ಎಲ್ಲಾದರೂ ಆಗಿರಲಿ, ತಾನು ವಾಸವಿರುವ ಊರಿಗೆ ಸೇರಿದ ಟ್ರಿಬ್ಯುನಲ್ಲಿನಲ್ಲೇ ಅರ್ಜಿ ಹಾಕಬಹುದು. ಹೊಸದುರ್ಗದ ಹುಡುಗ ಕೆಲಸಕ್ಕೆಂದು ಹೋಗಿ ನೆಲಮಂಗಲದ ಹತ್ತಿರ ಬಿದ್ದರೆ ಅವನ ತಾಯಿ ಅಲ್ಲಿಗೆ ಅಲೆಯಬೇಕಿಲ್ಲ.

ಇನ್ನು ಆ ಗುಣಾಕಾರದ ಮಾತಿಗೆ ಬರೋಣ. ಸುಪ್ರೀಂ ಕೋರ್ಟಿನ 2009ರ ಸರಳಾ ವರ್ಮ ತೀರ್ಪು, 2017ರ ಪ್ರಣಯ್ ಸೇಥಿ ತೀರ್ಪು, ಈ ಎರಡು ಲೆಕ್ಕದ ದಾರಿ ಹಾಕಿಕೊಟ್ಟಿವೆ. ಸತ್ತವನ ತಿಂಗಳ ದುಡಿಮೆ ತೆಗೆದುಕೊಳ್ಳಿ. ವಯಸ್ಸು ನಲವತ್ತಕ್ಕಿಂತ ಕಡಿಮೆ ಇದ್ದು ಸ್ವಂತ ದುಡಿಮೆಯವನಾದರೆ, ಮುಂದೆ ಹೆಚ್ಚಬಹುದಾಗಿದ್ದ ಆದಾಯಕ್ಕೆಂದು ಶೇಕಡ 40 ಸೇರಿಸಿ. ಅವನ ಸ್ವಂತ ಖರ್ಚನ್ನು ಕಳೆಯಿರಿ. ಅವಲಂಬಿತರು ನಾಲ್ವರಿದ್ದರೆ ಕಾಲು ಭಾಗ. ಉಳಿದದ್ದನ್ನು ವರ್ಷಕ್ಕೆ ತಂದು, ವಯಸ್ಸಿಗೆ ತಕ್ಕ ಅಂಕದಿಂದ ಗುಣಿಸಿ. ಇಪ್ಪತ್ತೈದರೊಳಗಿದ್ದರೆ 18, ಮೂವತ್ತಾರರಿಂದ ನಲವತ್ತರವರೆಗೆ 15, ಅರವತ್ತೈದು ದಾಟಿದರೆ 5.

ಹೊಳಲ್ಕೆರೆ ಕಡೆಯ ಮೂವತ್ತೆಂಟು ವರ್ಷದ ಒಬ್ಬ ರೈತ ಎಂದುಕೊಳ್ಳಿ. ಹೆಂಡತಿ, ಇಬ್ಬರು ಮಕ್ಕಳು, ತಾಯಿ. ದಾಖಲೆ ಇಲ್ಲವೆಂದು ಟ್ರಿಬ್ಯುನಲ್ ಅವನ ದುಡಿಮೆಯನ್ನು ತಿಂಗಳಿಗೆ 10,000 ಎಂದು ಹಿಡಿದರೆ, ಈ ಲೆಕ್ಕದಲ್ಲಿ ಮನೆಯವರಿಗಾದ ದುಡಿಮೆಯ ನಷ್ಟ 18,90,000 ರೂಪಾಯಿ. ಅದೇ ಮನುಷ್ಯ ತಿಂಗಳಿಗೆ 15,000 ದುಡಿಯುತ್ತಿದ್ದ ಎಂದು ವಕೀಲರು ತೋರಿಸಿಕೊಟ್ಟರೆ 28,35,000. ನಡುವಿನ ವ್ಯತ್ಯಾಸ 9,45,000. ಒಂದು ಮಗುವಿನ ಓದು, ಇನ್ನೊಂದರ ಮದುವೆ, ಅಡಿಕೆ ತೋಟದ ಸಾಲ, ಎಲ್ಲವೂ ಆ ವ್ಯತ್ಯಾಸದೊಳಗಿದೆ. ಗುಣಾಕಾರ ಯಾರು ಬೇಕಾದರೂ ಮಾಡುತ್ತಾರೆ. ಗುಣಿಸಬೇಕಾದ ಆ ಮೊದಲ ಅಂಕಿಯನ್ನು ಸಾಬೀತು ಮಾಡುವುದೇ ವಕೀಲಿಕೆ.

ಅದನ್ನು ಸಾಬೀತು ಮಾಡುವುದು ಹೇಗೆ? ನಮ್ಮ ಜನರ ಬಳಿ ಸಂಬಳದ ಚೀಟಿ ಇಲ್ಲ, ಆದಾಯ ತೆರಿಗೆಯ ರಿಟರ್ನ್ಸ್ ಇಲ್ಲ. ಆದರೆ ಹುಡುಕುವವನಿಗೆ ಕಾಗದ ಸಿಗುತ್ತದೆ. ಹಾಲಿನ ಡೇರಿಯ ಪಾಸ್‌ಬುಕ್ಕು, ಈರುಳ್ಳಿ ಹಾಕಿದಾಗ ಮಂಡಿಯವರು ಕೊಟ್ಟ ಚೀಟಿ, ಭೀಮಸಮುದ್ರದಲ್ಲಿ ಅಡಿಕೆ ಬಿಟ್ಟ ಪಟ್ಟಿ, ತಿಪಟೂರಿಗೆ ಕೊಬ್ಬರಿ ಹಾಕಿದ ಬಿಲ್ಲು. ಸ್ವಸಹಾಯ ಸಂಘದ ಸಾಲದ ಪುಸ್ತಕ ಬಹಳ ದೊಡ್ಡ ಸಾಕ್ಷಿ. ವಾರಕ್ಕಿಷ್ಟು ಎಂದು ತಪ್ಪದೆ ಕಂತು ಕಟ್ಟಿದ ಮನೆಯಲ್ಲಿ ಅಷ್ಟು ದುಡಿಮೆ ಇದ್ದೇ ಇತ್ತಲ್ಲ! ಇಂಥ ಪುಸ್ತಕಗಳು ಟ್ರಂಕಿನ ತಳದಲ್ಲೋ, ದೇವರ ಗೂಡಿನಲ್ಲೋ ಇರುತ್ತವೆ. ಕಚೇರಿಯಲ್ಲಿ ಕುಳಿತು ಕೇಳಿದರೆ ಬರುವುದಿಲ್ಲ. ಊರಿಗೆ ಹೋಗಬೇಕು, ಮನೆಯಲ್ಲಿ ಕೂರಬೇಕು, ಕೊಟ್ಟ ಮಜ್ಜಿಗೆ ಕುಡಿಯಬೇಕು. ಮಾತಿನ ನಡುವೆ ಸೊಸೆ ನೆನಪಿಸಿಕೊಂಡು ಎದ್ದುಹೋಗಿ ತರುತ್ತಾಳೆ.

ಕಾಗದವೇ ಇಲ್ಲದವರ ಗತಿ? ಅದಕ್ಕೆ ನಮ್ಮ ಕರ್ನಾಟಕದ ಕೇಸುಗಳೇ ದೇಶಕ್ಕೆ ದಾರಿ ತೋರಿಸಿವೆ ಎಂದು ಹೆಮ್ಮೆಯಿಂದ ಹೇಳುತ್ತೇನೆ. 2011ರ ರಾಮಚಂದ್ರಪ್ಪ ಪ್ರಕರಣದಲ್ಲಿ ಕೂಲಿಕಾರರೊಬ್ಬರು ತಿಂಗಳಿಗೆ 4,500 ರೂಪಾಯಿ ದುಡಿಯುತ್ತಿದ್ದೆ ಎಂದರು. ಟ್ರಿಬ್ಯುನಲ್ ಅದನ್ನು 3,000ಕ್ಕೆ ಇಳಿಸಿತು. ಸುಪ್ರೀಂ ಕೋರ್ಟು ಕೂಲಿಯ ಮಾತನ್ನು ನಂಬಿತು. 2004ರಲ್ಲಿ ದಿನಗೂಲಿ ನೂರರಿಂದ ನೂರೈವತ್ತರವರೆಗೆ ಇತ್ತು, ಹಾಗಾಗಿ ಈತ ಹೇಳಿದ್ದರಲ್ಲಿ ಉತ್ಪ್ರೇಕ್ಷೆ ಇಲ್ಲ, ಕೂಲಿಯವನಿಂದ ದಾಖಲೆ ನಿರೀಕ್ಷಿಸುವುದು ಸರಿಯಲ್ಲ ಎಂದಿತು. 2014ರ ಸೈಯದ್ ಸಾದಿಕ್ ಪ್ರಕರಣದಲ್ಲಿ ತರಕಾರಿ ಮಾರುವ ಯುವಕನ ಕಾಲು ಹೋಗಿತ್ತು. ಕೂತು ಮಾರಬಹುದಲ್ಲ ಎಂಬ ವಾದವನ್ನು ಕೋರ್ಟು ಒಪ್ಪಲಿಲ್ಲ. ತಿಂಗಳ ಆದಾಯ 6,500, ದುಡಿಮೆಯ ನಷ್ಟ ಶೇಕಡ 85 ಎಂದು ಹಿಡಿಯಿತು. ಈ ಎರಡು ತೀರ್ಪುಗಳ ಪ್ರತಿ ಎಂವಿಸಿ ವಕೀಲರ ಚೀಲದಲ್ಲಿ ಸದಾ ಇರಬೇಕು.

ಮನೆಯಲ್ಲಿರುವ ಹೆಂಗಸು ಸತ್ತರೆ, ಆಕೆಗೆ ದುಡಿಮೆ ಎಲ್ಲಿತ್ತು ಎಂದು ಎದುರು ವಕೀಲರು ಕೇಳುತ್ತಿದ್ದ ಕಾಲವಿತ್ತು. 2010ರ ಅರುಣ್ ಕುಮಾರ್ ಅಗರ್ವಾಲ್ ತೀರ್ಪು, 2021ರ ಕೀರ್ತಿ ತೀರ್ಪು ಆ ಪ್ರಶ್ನೆಯನ್ನು ಮುಚ್ಚಿದವು. ಮನೆಗೆಲಸಕ್ಕೆ ಬೆಲೆಯಿದೆ, ಅದರ ಮೇಲೆ ಮುಂದಿನ ಏರಿಕೆಯನ್ನೂ ಸೇರಿಸಬೇಕು. ನಮ್ಮ ಕಡೆಯ ಹೆಂಗಸರು ಬರೀ ಅಡುಗೆ ಮಾಡಿಕೊಂಡು ಕೂತವರೂ ಅಲ್ಲ. ಎರಡು ಹಸು ಕಟ್ಟಿರುತ್ತಾರೆ, ಕಳೆ ಕೀಳುತ್ತಾರೆ, ಶೇಂಗಾ ಬಿಡಿಸುತ್ತಾರೆ, ನರೇಗಾ ಕೆಲಸಕ್ಕೂ ಹೋಗುತ್ತಾರೆ. ಅರ್ಜಿಯಲ್ಲಿ ಉದ್ಯೋಗದ ಮುಂದೆ ಗೃಹಿಣಿ ಎಂದು ಒಂದೇ ಪದ ಬರೆದು ಮುಗಿಸುವ ಕಿರಿಯರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಬೆಳಗಿನಿಂದ ರಾತ್ರಿಯವರೆಗೆ ಆಕೆ ಏನೇನು ಮಾಡುತ್ತಿದ್ದಳು ಎಂಬುದನ್ನು ಅಫಿಡವಿಟ್ಟಿನಲ್ಲಿ ಬರೆಯಿರಿ, ಅರ್ಧ ಪುಟವಾದರೂ ಸರಿ.

ಈಗ ಶೀರ್ಷಿಕೆಯ ಮಾತು. ಕಾಲಿಗೆಷ್ಟು, ಕೈಗೆಷ್ಟು? ಗಾಯಾಳುಗಳು ಬಂದ ಕೂಡಲೆ ಕೇಳುವುದು ಇದನ್ನೇ. ವೈದ್ಯರು ಸಾಕ್ಷಿಕಟ್ಟೆಗೆ ಬಂದು, ಈ ಕಾಲಿನಲ್ಲಿ ಶೇಕಡ 36 ಊನವಾಗಿದೆ ಎನ್ನುತ್ತಾರೆ. ನಮ್ಮ ಕೋರ್ಟುಗಳ ರೂಢಿಯಲ್ಲಿ ಇಡೀ ದೇಹಕ್ಕೆ ಅದರ ಮೂರರಲ್ಲೊಂದು, ಅಂದರೆ ಶೇಕಡ 12. ದುಡಿಮೆ ಶೇಕಡ 12 ಕಡಿಮೆಯಾಯಿತು ಎಂದು ಲೆಕ್ಕ ಮುಗಿದುಹೋಗುತ್ತದೆ. ಆದರೆ ಆ ಕಾಲು ಹೊಸದುರ್ಗದ ತೆಂಗಿನ ತೋಟದಲ್ಲಿ ಮರ ಹತ್ತುವವನದಾಗಿದ್ದರೆ? "ಕಾಲು ಐತೆ ಸಾರ್, ನಡೀತೀನಿ. ಮರ ಹತ್ತಾಕಾಗಲ್ಲ" ಎನ್ನುತ್ತಾನೆ ಅವನು. ಪಾದದ ಕೀಲು ಮಡಚದವನು ಒಂದು ಮರವನ್ನೂ ಹತ್ತಲಾರ. ಅವನ ಕಸುಬು ಪೂರ್ತಿ ಹೋಯಿತು. ಅದೇ ಗಾಯ ತಾಲ್ಲೂಕು ಕಚೇರಿಯ ಗುಮಾಸ್ತರಿಗೆ ಆಗಿದ್ದರೆ ಅವರ ಸಂಬಳದಲ್ಲಿ ಒಂದು ರೂಪಾಯಿಯೂ ಕಡಿಮೆಯಾಗುತ್ತಿರಲಿಲ್ಲ.

2010ರ ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ತೀರ್ಪು ಹೇಳಿದ್ದು ಇದನ್ನೇ. ಎಡಗೈ ಕಳೆದುಕೊಂಡವನು ಚಾಲಕನೋ ಬಡಗಿಯೋ ಆಗಿದ್ದರೆ ದುಡಿಮೆಯ ನಷ್ಟ ನೂರಕ್ಕೆ ನೂರು ಇರಬಹುದು, ಸರ್ಕಾರಿ ಗುಮಾಸ್ತನಾಗಿದ್ದರೆ ಕೆಲಸವೇ ಹೋಗದಿರಬಹುದು. ದೇಹದ ಊನ ಬೇರೆ, ದುಡಿಯುವ ಶಕ್ತಿಯ ನಷ್ಟ ಬೇರೆ. ಹಾಗಾಗಿ ವೈದ್ಯರನ್ನು ವಿಚಾರಿಸುವಾಗ ಶೇಕಡಾವಾರು ಬರೆಸಿಕೊಂಡು ಕುಳಿತುಬಿಡಬಾರದು. ಈತ ಕುಕ್ಕರಗಾಲಲ್ಲಿ ಕೂರಬಲ್ಲನೇ? ತಲೆಯ ಮೇಲೆ ಮೂಟೆ ಹೊತ್ತು ಏರಿ ಏರಬಲ್ಲನೇ? ನೇಗಿಲ ಸಾಲಿನಲ್ಲಿ, ಕೆಸರಿನಲ್ಲಿ ನಡೆಯಬಲ್ಲನೇ? ಒಂದೊಂದನ್ನೂ ಕೇಳಿ ಉತ್ತರ ದಾಖಲಾಗುವಂತೆ ಮಾಡಬೇಕು. ಇದಕ್ಕೆ ವಕೀಲರಿಗೆ ಮೂಳೆಯ ಹೆಸರು ಗೊತ್ತಿರಬೇಕು, ಹಾಗೆಯೇ ಕೊಯ್ಲಿನ, ಕೊನೆ ಇಳಿಸುವ, ಕುರಿ ಉಣ್ಣೆ ಕತ್ತರಿಸುವ ಕೆಲಸದಲ್ಲಿ ಮೈ ಹೇಗೆ ಬಾಗುತ್ತದೆ ಎಂಬುದೂ ಗೊತ್ತಿರಬೇಕು.

ನೋವಿಗೂ ಒಂದು ಲೆಕ್ಕವಿದೆ. 1995ರ ಹಟ್ಟಂಗಡಿ ತೀರ್ಪು ನಷ್ಟವನ್ನು ಎರಡಾಗಿ ವಿಂಗಡಿಸಿತು. ಆಸ್ಪತ್ರೆಯ ಖರ್ಚು, ಕಳೆದುಹೋದ ದುಡಿಮೆಯಂಥ ಹಣದಲ್ಲಿ ಎಣಿಸಬಹುದಾದ ನಷ್ಟ ಒಂದು. ನೋವು, ಬದುಕಿನ ಸಂತೋಷ ಕಳೆದುಕೊಂಡದ್ದು ಇನ್ನೊಂದು. ಆ ಕೇಸಿನ ಅರ್ಜಿದಾರರು ಸ್ವತಃ ವಕೀಲರು, ಅಪಘಾತದಲ್ಲಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡವರು. ಕೋರ್ಟಿನ ಒಳಹೊರಗೆಲ್ಲ ಗೊತ್ತಿದ್ದವರೂ ಪರಿಹಾರಕ್ಕಾಗಿ ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು. ಓದುಬರಹ ಬಾರದವರಿಗೆ ಇದು ಎಷ್ಟು ದೂರದ ದಾರಿ ಎಂಬುದನ್ನು ಊಹಿಸಿಕೊಳ್ಳಬಹುದು.

ವಿಮಾ ಕಂಪನಿಯ ಪರವಾಗಿ ನಿಲ್ಲುವವರ ಬಗ್ಗೆಯೂ ಹೇಳಬೇಕು. ಅವರನ್ನು ಶತ್ರುಗಳೆಂದು ನಾನು ಎಂದೂ ಎಣಿಸಿಲ್ಲ. ಬೇರೆಲ್ಲೋ ಬಿದ್ದು ಕೈ ಮುರಿದುಕೊಂಡು, ಸ್ನೇಹಿತನ ಬೈಕಿನ ನಂಬರು ಹಾಕಿಸಿ ಕೇಸು ಮಾಡುವವರು ಇದ್ದಾರೆ. ಅಂಥ ಸುಳ್ಳನ್ನು ಪಾಟಿ ಸವಾಲಿನಲ್ಲಿ ಹೊರಗೆಳೆಯುವ ವಕೀಲರು ನಿಜವಾದ ಗಾಯಾಳುಗಳಿಗೇ ಉಪಕಾರ ಮಾಡುತ್ತಾರೆ, ಏಕೆಂದರೆ ಒಂದು ಸುಳ್ಳು ಕೇಸು ನ್ಯಾಯಾಧೀಶರ ಮನಸ್ಸಿನಲ್ಲಿ ಹುಟ್ಟಿಸುವ ಅನುಮಾನ ಮುಂದಿನ ಹತ್ತು ನಿಜವಾದ ಕೇಸುಗಳ ಮೇಲೂ ಬೀಳುತ್ತದೆ. ಆದರೆ ಮೂರು ದಿನ ತಡವಾಗಿ ದೂರು ಕೊಟ್ಟರು ಎಂಬ ಒಂದೇ ಕಾರಣಕ್ಕೆ ಕೇಸೇ ಸುಳ್ಳು ಎನ್ನುವ ವಾದ ಸರಿಯಲ್ಲ. ಮಗ ದಾವಣಗೆರೆಯ ಐಸಿಯುನಲ್ಲಿ ಮಲಗಿರುವಾಗ ತಂದೆ ಠಾಣೆಗೆ ಓಡುತ್ತಾನೆಯೇ? ಜೀವ ಉಳಿಸುವುದು ಮೊದಲು, ದೂರು ಆಮೇಲೆ ಎಂದು ಸುಪ್ರೀಂ ಕೋರ್ಟು 2011ರಲ್ಲೇ, ರವಿ ಪ್ರಕರಣದಲ್ಲಿ ಒಪ್ಪಿಕೊಂಡಿದೆ.

ಟ್ರ್ಯಾಕ್ಟರಿನ ವಿಷಯ ನಮ್ಮ ಜಿಲ್ಲೆಯ ದೊಡ್ಡ ದುಃಖ. ಮದುವೆಗೆ, ಜಾತ್ರೆಗೆ, ಕೂಲಿಗೆ ಟ್ರೇಲರಿನಲ್ಲಿ ಜನ ತುಂಬಿಕೊಂಡು ಹೋಗುತ್ತಾರೆ. ಸರಕು ಸಾಗಿಸುವ ವಾಹನದಲ್ಲಿ ಸುಮ್ಮನೆ ಕುಳಿತು ಹೋಗುವವರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು 2002ರ ಆಶಾ ರಾಣಿ ತೀರ್ಪು ಹೇಳುತ್ತದೆ. ಹಾಗಾದಾಗ ಪರಿಹಾರದ ಹೊರೆ ಮಾಲೀಕನ ತಲೆಗೆ. ಆ ಮಾಲೀಕನೋ ಸಾಲ ಮಾಡಿ ಟ್ರ್ಯಾಕ್ಟರ್ ತಂದ ಸಣ್ಣ ರೈತ. ವಿಮೆ ನವೀಕರಿಸದೆ ಬಿಟ್ಟವರದೂ ಇದೇ ಗತಿ. ಸತ್ತವನ ಮನೆಯವರಿಗೆ ಅವಾರ್ಡ್, ಅಂದರೆ ಪರಿಹಾರದ ಆದೇಶ, ಆಗಿರುತ್ತದೆ, ಕೈಗೆ ಹಣ ಬರುವುದಿಲ್ಲ. ಮಾಲೀಕನ ಹೊಲ ಜಪ್ತಿಗೆ ಬರುತ್ತದೆ. ಒಂದೇ ಊರಿನ ಎರಡು ಬಡ ಮನೆಗಳು ಒಂದು ಪ್ರೀಮಿಯಂ ಹಣದ ಕಾರಣಕ್ಕೆ ಮುಳುಗಿಹೋದದ್ದನ್ನು ನೋಡಿದವನಾದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಇದೆಲ್ಲ ವಾಹನದ ಮಾತಾಯಿತು. ಅದೇ ತೆಂಗಿನ ಮರದಿಂದ ಜಾರಿ ಬಿದ್ದು ಬೆನ್ನು ಮುರಿದುಕೊಂಡವನು ಬಂದರೆ ಹೇಳಲು ನನಗೆ ಮಾತು ಹೊರಡುವುದಿಲ್ಲ. ಬೈಕು ಗುದ್ದಿದ್ದರೆ ಟ್ರಿಬ್ಯುನಲ್ ಇತ್ತು, ವಿಮೆ ಇತ್ತು, ಕೋಷ್ಟಕ ಇತ್ತು. ಮರಕ್ಕೆ ವಿಮೆ ಇಲ್ಲ. ಕೂಲಿಗೆ ಕರೆದವರ ಮೇಲೆ 1923ರಿಂದ ಬಂದ ಕಾರ್ಮಿಕ ಪರಿಹಾರದ ಕಾನೂನಿನಲ್ಲಿ ಕೇಳಬಹುದು. ಆದರೆ ದಿನಕ್ಕೊಂದು ತೋಟದಲ್ಲಿ ಮರ ಹತ್ತುವವನಿಗೆ ಮಾಲೀಕ ಯಾರು ಎಂಬುದನ್ನು ಸಾಬೀತು ಮಾಡುವುದೇ ಕಷ್ಟ. ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ಎಂಬ ವಿಮೆ ಮರ ಹತ್ತುವವರಿಗೆಂದೇ ಇದೆ. ಹೊಸದುರ್ಗದ ತೋಟದ ಯಜಮಾನರು ತಮ್ಮ ಕೆಲಸಗಾರರನ್ನು ಅದಕ್ಕೆ ಸೇರಿಸುವುದನ್ನು ಧರ್ಮವೆಂದು ತಿಳಿಯಬೇಕು.

ಫೀಸಿನ ಮಾತೂ ಬರಲಿ. ಇಂಗ್ಲೆಂಡಿನಲ್ಲಿ ಗೆದ್ದರೆ ಮಾತ್ರ ಫೀಸು ಎಂಬ ಒಪ್ಪಂದಕ್ಕೆ ಕಾನೂನಿನ ಒಪ್ಪಿಗೆ ಇದೆ. ನಮ್ಮಲ್ಲಿ ಇಲ್ಲ. ಬಂದ ಪರಿಹಾರದಲ್ಲಿ ಪಾಲು ಕೇಳುವುದನ್ನು, ಫಲಿತಾಂಶದ ಮೇಲೆ ಫೀಸು ನಿಗದಿ ಮಾಡುವುದನ್ನು ಬಾರ್ ಕೌನ್ಸಿಲ್ ನಿಯಮಗಳು ಸ್ಪಷ್ಟವಾಗಿ ನಿಷೇಧಿಸಿವೆ. ನೂರಕ್ಕಿಷ್ಟು ಎಂದು ಆಸ್ಪತ್ರೆಯ ವಾರ್ಡಿನಲ್ಲೇ ಮಾತು ಮುಗಿಸುವ ದಲ್ಲಾಳಿಗಳು ನಮ್ಮ ವೃತ್ತಿಯ ಹೆಸರು ಕೆಡಿಸುತ್ತಿದ್ದಾರೆ. ವಕೀಲರು ತಮ್ಮ ಫೀಸನ್ನು ಮೊದಲೇ ಹೇಳಬೇಕು, ಬರೆದು ಕೊಡಬೇಕು. ಕೊಡಲಾಗದವರಿಗೆ ಕಾನೂನು ಸೇವಾ ಸಮಿತಿ ತಾಲ್ಲೂಕು ತಾಲ್ಲೂಕಿನಲ್ಲೂ ಇದೆ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಕಡಿಮೆ ಆದಾಯದವರು ಫೀಸಿಲ್ಲದೆ ವಕೀಲರನ್ನು ಪಡೆಯಬಹುದು. 1987ರ ಕಾಯ್ದೆ ಕೊಟ್ಟ ಹಕ್ಕು ಅದು. ಸಹಾಯವಾಣಿ 15100.

ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಹಣ ಬೇಗ ಬರುತ್ತದೆ, ಮೇಲ್ಮನವಿಯ ಭಯವಿಲ್ಲ. ಆದರೆ ರಾಜಿಗೆ ಕೂರುವ ಮುನ್ನ ಪೂರ್ತಿ ಲೆಕ್ಕ ಕೈಯಲ್ಲಿರಬೇಕು. ತನಗೆ ಎಷ್ಟು ಬರಬೇಕಿತ್ತು ಎಂದು ಗೊತ್ತಿದ್ದವರು ಬಿಟ್ಟುಕೊಟ್ಟರೆ ಅದು ರಾಜಿ. ಗೊತ್ತಿಲ್ಲದೆ ಬಿಟ್ಟರೆ ಅದು ಮೋಸ. ಇನ್ನು ಅವಾರ್ಡಿನ ಹಣ. 1993ರ ಸುಸಮ್ಮ ಥಾಮಸ್ ತೀರ್ಪಿನ ನಂತರ ಒಂದು ಪಾಲನ್ನು ಬ್ಯಾಂಕಿನಲ್ಲಿ ಠೇವಣಿ ಇಡಿಸುತ್ತಾರೆ. ವಿಧವೆಯ ಕೈಗೆ ಒಮ್ಮೆಲೇ ಹಣ ಬಂದರೆ ಎಲ್ಲೆಲ್ಲಿಂದಲೋ ನೆಂಟರು ಹುಟ್ಟಿಕೊಳ್ಳುತ್ತಾರೆ ಎಂಬುದು ಕೋರ್ಟಿಗೂ ಗೊತ್ತು. ಠೇವಣಿಯ ಪುಸ್ತಕ ಆಕೆಯ ಕೈಯಲ್ಲೇ ಇದೆಯೇ, ಬಡ್ಡಿ ಆಕೆಯ ಖಾತೆಗೇ ಬರುತ್ತಿದೆಯೇ ಎಂದು ನೋಡುವುದೂ ವಕೀಲರ ಕೆಲಸವೇ. ಅವಾರ್ಡಿನ ಹಣ ಕಟ್ಟದೆ ಎಳೆದಾಡಿದ ಸಾರಿಗೆ ಸಂಸ್ಥೆಯ ಬಸ್ಸನ್ನು ಅಮೀನರು ಜಪ್ತಿ ಮಾಡಿ ಕೋರ್ಟಿನ ಮುಂದೆ ನಿಲ್ಲಿಸುವುದನ್ನು ನಮ್ಮ ರಾಜ್ಯದಲ್ಲಿ ಎಲ್ಲರೂ ಕಂಡಿದ್ದಾರೆ. ಒಬ್ಬ ಕೂಲಿಯ ಹೆಂಡತಿಯ ಅರ್ಜಿಗೆ ಸರ್ಕಾರದ ಬಸ್ಸು ನಿಲ್ಲುತ್ತದೆ ಎಂಬುದು ಸಣ್ಣ ಮಾತಲ್ಲ. ಕಾನೂನಿನ ಮೇಲೆ ನನಗೆ ನಂಬಿಕೆ ಉಳಿದಿರುವುದು ಇಂಥವುಗಳಿಂದ.

ಆದ್ದರಿಂದ ಕಿರಿಯ ಮಿತ್ರರೇ, ಎಂವಿಸಿ ಫೈಲನ್ನು ತಾತ್ಸಾರದಿಂದ ಹಿಡಿಯಬೇಡಿ. ನಮ್ಮ ನಾಡಿನಲ್ಲಿ ಕೂಲಿಯವನ ದುಡಿಮೆ, ಗೃಹಿಣಿಯ ದುಡಿಮೆ, ಕುರಿಗಾಹಿಯ ದುಡಿಮೆ ಇಷ್ಟೆಂದು ಕೋರ್ಟಿನಲ್ಲಿ ಕೂತು ವಿಚಾರಿಸಿ ಬೆಲೆ ಕಟ್ಟುವುದು ಬಹುಮಟ್ಟಿಗೆ ಈ ಕೇಸುಗಳಲ್ಲೇ. ಆ ಬೆಲೆ ಕಡಿಮೆಯಾಗದಂತೆ ನೋಡಿಕೊಳ್ಳುವುದು ನಿಮ್ಮ ಕೈಯಲ್ಲಿದೆ.

ಓದುಗರಲ್ಲಿ ನನ್ನ ವಿನಂತಿ ಇಷ್ಟು. ರಸ್ತೆಯಲ್ಲಿ ಯಾರಾದರೂ ಬಿದ್ದಿದ್ದರೆ ಎತ್ತಿ ಆಸ್ಪತ್ರೆಗೆ ಸೇರಿಸಿ. ಹಾಗೆ ನೆರವಾದವರನ್ನು ಪೊಲೀಸರು ಕಾಡುವಂತಿಲ್ಲ, ಮೋಟಾರು ವಾಹನ ಕಾಯ್ದೆಯ ಕಲಂ 134ಎ ನಿಮಗೆ ರಕ್ಷಣೆ ಕೊಡುತ್ತದೆ. 2025ರ ಮೇ ತಿಂಗಳಿನಿಂದ ಅಪಘಾತದ ಗಾಯಾಳುವಿಗೆ ಏಳು ದಿನದವರೆಗೆ ಒಂದೂವರೆ ಲಕ್ಷ ರೂಪಾಯಿಯ ಚಿಕಿತ್ಸೆ ನಗದಿಲ್ಲದೆ ಸಿಗಬೇಕೆಂಬ ಯೋಜನೆ ಜಾರಿಯಲ್ಲಿದೆ, ಅದನ್ನು ಕೇಳಿ ಪಡೆಯಿರಿ. ಗುದ್ದಿ ಓಡಿಹೋದ ವಾಹನ ಸಿಗದಿದ್ದರೂ ಸಾವಿಗೆ ಎರಡು ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಇದೆ, ತಹಶೀಲ್ದಾರರಿಗೋ ಉಪವಿಭಾಗಾಧಿಕಾರಿಗೋ ಅರ್ಜಿ ಕೊಡಿ. 2022ರ ಏಪ್ರಿಲ್ 1ರಿಂದ ಪರಿಹಾರದ ಅರ್ಜಿ ಹಾಕಲು ಕಾಯ್ದೆ ಕೊಟ್ಟಿರುವ ಅವಧಿ ಅಪಘಾತವಾದ ದಿನದಿಂದ ಆರೇ ತಿಂಗಳು. ಆ ಮಿತಿಯನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ, ಆದರೂ ಅದನ್ನು ನಂಬಿ ಕೂರಬೇಡಿ, ಆರು ತಿಂಗಳೊಳಗೆ ಹಾಕಿಬಿಡಿ. ಮತ್ತೆ, ನಿಮ್ಮ ಮನೆಯ ಬೈಕು, ಟ್ರ್ಯಾಕ್ಟರುಗಳ ಥರ್ಡ್ ಪಾರ್ಟಿ ವಿಮೆ ಯಾವತ್ತಿಗೆ ಮುಗಿಯುತ್ತದೆ ಎಂದು ಇವತ್ತೇ ತೆಗೆದು ನೋಡಿ. ಮುಗಿದಿದ್ದರೆ ಇವತ್ತೇ ಕಟ್ಟಿ.